ಬಂಕರಿನ ಅಡುಗೆಮನೆ

ನನ್ನ ವಕೀಲಿ ಕಚೇರಿ ಹಿಂದೂಪುರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿದೆ. ಮೆಟ್ಟಿಲು ಕಡಿದು. ಹತ್ತಿ ಬರುವ ಕಕ್ಷಿದಾರರೆಲ್ಲ ಸ್ವಲ್ಪ ಏದುಸಿರು ಬಿಡುತ್ತಲೇ ಒಳಗೆ ಬರುತ್ತಾರೆ. ಆ ಬೆಳಿಗ್ಗೆ ಕೇಳಿಸಿದ ಉಸಿರು ಬೇರೆ ತರಹದ್ದು. ಯಾರೋ ಅರ್ಧ ಮೆಟ್ಟಿಲಿನಲ್ಲಿ ನಿಂತು, ಕೊಳಲಿನ ಸೀಳಿನಿಂದ ಗಾಳಿ ಹೋದ ಹಾಗೆ ಉಸಿರೆಳೆಯುತ್ತಿದ್ದರು. ನಾನು ಎದ್ದು ಬಾಗಿಲಿಗೆ ಬಂದೆ. ನಲವತ್ತೈದರ ಆಸುಪಾಸಿನ ಒಬ್ಬರು ಗೋಡೆಗೆ ಕೈಯಿಟ್ಟು ನಿಂತಿದ್ದರು. ಹಿಂದೆ ಅವರ ಹೆಂಡತಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳ ಕಟ್ಟು ಹಿಡಿದಿದ್ದರು.

"ಕೂಗಬಾರ್ದಾಗಿತ್ತಾ ಅಣ್ಣ, ನಾನೇ ಕೆಳಗೆ ಬರ್ತಿದ್ದೆ," ಎಂದೆ.

ಅವರು ಕೈ ಎತ್ತಿ, ತಡೆಯಿರಿ ಎಂಬಂತೆ ಸನ್ನೆ ಮಾಡಿದರು. ಮಾತಾಡುವಷ್ಟು ಗಾಳಿ ಅವರಲ್ಲಿರಲಿಲ್ಲ.

ಅವರು ಸೇನೆಯಿಂದ ನಿವೃತ್ತರಾದ ಹವಾಲ್ದಾರ್. ಊರು ಕಲ್ಯಾಣದುರ್ಗ, ಹೆಂಡತಿಯ ತವರು ಸೋಮಂದೇಪಲ್ಲಿ, ಈಗ ವಾಸ ಹಿಂದೂಪುರದಲ್ಲಿ. ಸೇನೆಯಲ್ಲಿ ಅವರ ಕೆಲಸ ಅಡುಗೆ. ಹದಿನೇಳು ವರ್ಷ ಅಡುಗೆ ಮಾಡಿ, ಶ್ವಾಸಕೋಶದ ಕಾಯಿಲೆ ಹತ್ತಿಸಿಕೊಂಡು ಹೊರಗೆ ಬಂದಿದ್ದರು. ಬಿಡುಗಡೆಯ ವೇಳೆ ವೈದ್ಯಕೀಯ ಮಂಡಳಿ ಅವರನ್ನು ಪರೀಕ್ಷಿಸಿ, ಅಂಗವೈಕಲ್ಯ ಶೇಕಡ ನಲವತ್ತು, ಜೀವನಪರ್ಯಂತ ಎಂದು ಬರೆದಿತ್ತು. ಅದರ ಕೆಳಗಿನ ಅಂಕಣದಲ್ಲಿ ಇನ್ನೊಂದು ಸಾಲು: ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ, ಕಾರಣ ಧೂಮಪಾನ. ಆ ಸಾಲಿನ ಬಲದ ಮೇಲೆ ಅಂಗವೈಕಲ್ಯ ಪಿಂಚಣಿಯನ್ನು ನಿರಾಕರಿಸಿದ್ದರು. ಮೊದಲ ಮೇಲ್ಮನವಿಯನ್ನು ಹವಾಲ್ದಾರರೇ ಹಿಂದಿಯಲ್ಲಿ ಬರೆದು ಕಳಿಸಿದ್ದರು. ಅದೂ ತಿರಸ್ಕೃತವಾಗಿತ್ತು. ಎರಡನೆಯ ಮೇಲ್ಮನವಿಗೆ ಇದ್ದ ಆರು ತಿಂಗಳಲ್ಲಿ ಹೆಚ್ಚು ಭಾಗ ಆಗಲೇ ಕಳೆದಿತ್ತು.

ನಾನು ಅಲ್ಲಿಯತನಕ ಮಾಡಿದ್ದೆಲ್ಲ ಜಮೀನು ಭಾಗ, ಅಪಘಾತ ಪರಿಹಾರ, ಜೀವನಾಂಶದ ಕೇಸುಗಳು. ಸೇನೆಯ ಪಿಂಚಣಿ ನನಗೆ ಹೊಸದು. ಅದನ್ನು ಅವರಿಗೆ ಮೊದಲೇ ಹೇಳಿದೆ. ಅವರ ಹೆಂಡತಿ, "ಗೊತ್ತಿರೋರ ಹತ್ರ ಹೋದ್ವಿ ಮೇಡಮ್. ಅವ್ರು ಫೈಲ್ ತೆಗ್ದೂ ನೋಡ್ಲಿಲ್ಲ. ನೀವು ಓದಿಯಾದ್ರೂ ಹೇಳಿ," ಎಂದರು.

ಓದಿದೆ. ವಾರಗಟ್ಟಲೆ ಓದಿದೆ. ನಿಯಮ ನಾನು ಅಂದುಕೊಂಡದ್ದಕ್ಕಿಂತ ಸೈನಿಕನ ಕಡೆಗೇ ವಾಲಿತ್ತು. ಸೇರುವಾಗ ಮಾಡಿದ ತಪಾಸಣೆಯಲ್ಲಿ ಯಾವ ಕಾಯಿಲೆಯನ್ನೂ ಬರೆಯದಿದ್ದರೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದಿರಬೇಕು ಎಂದು ಊಹಿಸಿಕೊಳ್ಳಬೇಕು. ಅಲ್ಲ ಎಂದು ರುಜುವಾತು ಮಾಡುವ ಹೊಣೆ ಇಲಾಖೆಯದು. ಆದರೆ ತನ್ನದೇ ದುಶ್ಚಟದಿಂದ ಕೆಡಿಸಿಕೊಂಡದ್ದಕ್ಕೆ ಪರಿಹಾರವಿಲ್ಲ. ಅಂದರೆ ಇಡೀ ಪ್ರಕರಣ ಒಂದು ಬೀಡಿಯ ಮೇಲೆ ನಿಂತಿತ್ತು.

"ಎಷ್ಟು ಸೇದ್ತಿದ್ರಿ ಅಣ್ಣ?" ಎಂದು ಕೇಳಿದೆ.

ಅಂದು ಅವರು ಹೆಂಡತಿಯನ್ನು ಬಿಟ್ಟು ಒಬ್ಬರೇ ಬಂದಿದ್ದರು. "ಸೇದ್ತಿದ್ದೆ ಮೇಡಮ್. ಬರ್ದವ್ರಲ್ಲ, ಅಷ್ಟೇ," ಎಂದರು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಅವರ ಸೇರ್ಪಡೆಯ ತಪಾಸಣೆ, ಎಲ್ಲೆಲ್ಲಿ ಕೆಲಸ ಮಾಡಿದ್ದರು ಎಂಬ ವಿವರ, ಆಸ್ಪತ್ರೆಯ ದಾಖಲೆ ತರಿಸಿದೆ. ಸೇರುವಾಗ ಎದೆ ಸ್ವಚ್ಛ. ಎರಡು ಚಳಿಗಾಲ ಹಿಮದ ಎತ್ತರದಲ್ಲಿ. ಎರಡನೆಯ ಚಳಿಗಾಲದ ಕೊನೆಗೆ ಹೆಲಿಕಾಪ್ಟರಿನಲ್ಲಿ ಕೆಳಗಿನ ಆಸ್ಪತ್ರೆಗೆ. ಅಲ್ಲಿ ಮೊದಲ ದಿನದ ಹಾಳೆಯಲ್ಲೇ, ಹರೆಯದಿಂದ ಬೀಡಿ ಸೇದುವ ಅಭ್ಯಾಸ ಎಂದಿತ್ತು. ನಾನು ಬೀಡಿಯ ವಿಷಯ ಎತ್ತದೆ, ಕಾನೂನಿನ ಊಹೆಯೊಂದನ್ನೇ ಹಿಡಿದು ಎರಡನೆಯ ಮೇಲ್ಮನವಿ ಬರೆದೆ. ಗಡುವು ಮುಗಿಯುವ ಮುಂಚೆ ಅಂಚೆಗೆ ಹಾಕಿದೆ. ಉತ್ತರಕ್ಕೆ ಬಹಳ ಕಾಯಬೇಕಾಯಿತು. ಬಂದದ್ದು ಒಂದೇ ಪ್ಯಾರಾ. ಧೂಮಪಾನಿ ಎಂಬುದನ್ನು ಅರ್ಜಿದಾರ ಎಲ್ಲಿಯೂ ಅಲ್ಲಗಳೆದಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ.

ನಾನು ಮುಟ್ಟದೆ ಬಿಟ್ಟ ಜಾಗವನ್ನೇ ಅವರು ಹಿಡಿದಿದ್ದರು.

ಉಳಿದದ್ದು ಚೆನ್ನೈನ ಸೇನಾ ನ್ಯಾಯಮಂಡಳಿ. ಅದಕ್ಕೆ ಹೋಗುವುದಾದರೆ ಆ ಹಿಮದ ಎತ್ತರದ ಬಂಕರಿನಲ್ಲಿ ಜೊತೆಗಿದ್ದು ಅಲ್ಲಿನ ಕೆಲಸ ಕಂಡ ಯಾರಾದರೊಬ್ಬರ ಪ್ರಮಾಣಪತ್ರ ಬೇಕು ಎಂದೆ. ಹವಾಲ್ದಾರರು ಬಹಳ ಯೋಚಿಸಿ ಒಂದು ಹೆಸರು ಹೇಳಿದರು. ಅದೇ ತುಕಡಿಯಲ್ಲಿದ್ದ ಸಿಪಾಯಿ, ಈಗ ಪೆನುಕೊಂಡದ ಹತ್ತಿರ ಒಂದು ಗೋದಾಮಿನಲ್ಲಿ ಕಾವಲುಗಾರ. ಅವರ ಪಾಳಿ ಮುಗಿಯುವ ಹೊತ್ತಿಗೆ ನಾನೊಬ್ಬಳೇ ಹೋದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವರು ಮೊದಲು ಅಂದದ್ದು ತೆಲುಗಿನಲ್ಲಿ: "ಎಂದುಕಮ್ಮಾ ಲೇನಿಪೋನಿ ಗೊಡವ?" ಇಲ್ಲದ ಗೋಳು ಯಾಕಮ್ಮ ಎಂದು. ತಮ್ಮ ಪಿಂಚಣಿಗೆ ಏನಾದರೂ ತೊಡಕಾದೀತೆಂಬ ಭಯ. ಆಗುವುದಿಲ್ಲ ಎಂದು ತಿಳಿಹೇಳುವುದರಲ್ಲಿ ಎರಡು ಟೀ ಮುಗಿಯಿತು. ಆಮೇಲೆ ಅವರು ಬಂಕರಿನ ಅಡುಗೆಮನೆಯ ವಿಷಯ ಹೇಳಿದರು.

ಕಲ್ಲು, ತಗಡು, ಮರಳುಮೂಟೆ ಜೋಡಿಸಿದ ಒಂದು ಗೂಡು. ಒಳಗೆ ನೆಟ್ಟಗೆ ನಿಲ್ಲಲಾಗದು. ಪಂಪು ಹೊಡೆಯುವ ಎರಡು ಸೀಮೆಎಣ್ಣೆ ಒಲೆ, ಹೊತ್ತು ಮೂಡುವ ಮೊದಲಿನಿಂದ ಮಲಗುವ ತನಕ ಆರುವಂತಿಲ್ಲ. ಯಾಕೆಂದರೆ ಅಲ್ಲಿ ನೀರಿಲ್ಲ. ಕುಡಿಯುವುದಕ್ಕೂ ತೊಳೆಯುವುದಕ್ಕೂ ಹಿಮವನ್ನೇ ಡಬ್ಬಗಳಲ್ಲಿ ತುಂಬಿ ಕರಗಿಸಬೇಕು. ಹೊಗೆ ಹೋಗಲು ಒಂದು ತಗಡಿನ ಕೊಳವೆ ಇತ್ತು. ಅದರ ಬಾಯಿ ಹಿಮ ಕಟ್ಟಿ ಮುಚ್ಚಿಹೋಗುತ್ತಿತ್ತು. ಬಾಗಿಲಿಗೆ ಕಂಬಳಿ. ಅದನ್ನು ಸರಿಸಿದರೆ ಗಾಳಿ ನುಗ್ಗಿ ಒಲೆ ಆರುತ್ತದೆ.

"ನಾವು ಒಳ್ಗೆ ಹೋಗಿ ಚಾ ಕುಡ್ದು ಬತ್ತಿದ್ವಿ. ಅಷ್ಟಕ್ಕೇ ಮೂಗು ಒರ್ಸಿದ್ರೆ ಕಪ್ಪು. ಅವ್ನು ದಿನಪೂರ್ತಿ ಅದ್ರಾಗೇ ಇರ್ತಿದ್ದ," ಎಂದರು ಸಿಪಾಯಿ. "ಅವ್ನು ಉಗಿದ್ರೆ ಹಿಮದ ಮ್ಯಾಲೆ ಮಸಿ ಬೀಳ್ತಿತ್ತು."

"ಬೀಡಿ ಸೇದ್ತಿದ್ರಾ?"

ಅವರು ನನ್ನ ಮುಖ ನೋಡಿದರು. "ಯಾರು, ಅವ್ನಾ? ನಾನಂತೂ ನೋಡ್ಲಿಲ್ಲ. ಹಂಗಂತ ಸೇದೇ ಇಲ್ಲ ಅಂತ ಹೆಂಗ್ ಬರ್ಕೊಡ್ಲಿ? ನಾನು ಮ್ಯಾಲಿನ ಪೋಸ್ಟ್‌ನಾಗೆ ಇರ್ತಿದ್ದೆ. ಅಡಿಗೆಮನೆ ವಿಷಯ ಎಷ್ಟು ಬೇಕಾದ್ರೂ ಬರ್ಕೊಳ್ಳಿ, ಸೈನ್ ಹಾಕ್ತೀನಿ. ನೋಡದ್ದು ಬ್ಯಾಡ."

ಕಂಡಷ್ಟೇ ಹೇಳುವ ಸಾಕ್ಷಿ ಸಿಗುವುದು ನನ್ನ ವೃತ್ತಿಯಲ್ಲಿ ಅಪರೂಪ. ಆದರೆ ಅವರ ಮುಖದ ಆ ಆಶ್ಚರ್ಯವನ್ನು ನಾನು ಮರೆಯಲಿಲ್ಲ. ಮಾರನೆಯ ದಿನವೇ ಹವಾಲ್ದಾರರ ಮನೆಗೆ ಹೋದೆ. ಈ ಸಲ ಹೆಂಡತಿಗೂ ಕೇಳಿಸುವಂತೆ ಬೀಡಿಯ ವಿಷಯ ಕೇಳಿದೆ.

ಆಕೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಬೀಡಿನಾ? ಯಾರು ಹೇಳಿದ್ದು? ಇವ್ರು ಬೀಡಿ ಸೇದೋರು ಅಂದಿದ್ರೆ ನಮ್ಮಪ್ಪ ನನ್ ಕೊಡ್ತಿದ್ನಾ? ಆ ಕಾಗ್ದ ಇಂಗ್ಲಿಷ್‌ನಾಗೆ ಐತೆ, ನಂಗೇನ್ ಗೊತ್ತು ಅದ್ರಾಗೆ ಏನೈತೆ ಅಂತ!"

ಹವಾಲ್ದಾರರು ತಲೆ ತಗ್ಗಿಸಿ ಕೂತಿದ್ದರು. ಮಧ್ಯೆ ಮಧ್ಯೆ ನಿಲ್ಲಿಸುತ್ತ ಹೇಳಿದರು. ಹೆಲಿಕಾಪ್ಟರಿನಲ್ಲಿ ಇಳಿಸಿದ ದಿನ ಪಕ್ಕದ ಮಂಚದಲ್ಲಿ ಇನ್ನೊಬ್ಬ ಅಡುಗೆಯವನಿದ್ದ. ಒಲೆಯ ಹೊಗೆ ಅಂದರೆ ಈ ಕೆಲಸಕ್ಕೆ ನೀನು ಲಾಯಕ್ಕಿಲ್ಲ ಎಂದು ಮನೆಗೆ ಕಳಿಸಿಬಿಡುತ್ತಾರೆ, ಬೀಡಿ ಸೇದುತ್ತೇನೆ ಅನ್ನು, ಆಗ ಬಿಟ್ಟುಬಿಡು ಎಂದು ಬೈದು ಸುಮ್ಮನಾಗುತ್ತಾರೆ ಎಂದು ಅವನು ಹೇಳಿಕೊಟ್ಟಿದ್ದ. ಪಿಂಚಣಿಗೆ ಬೇಕಾದ ಹದಿನೈದು ವರ್ಷ ಇವರಿಗೆ ಆಗ ಇನ್ನೂ ತುಂಬಿರಲಿಲ್ಲ.

"ಡಾಕ್ಟ್ರು ಕೇಳಿದ್ರು, ಹೂಂ ಅಂದ್ಬುಟ್ಟೆ. ಎಷ್ಟು ವರ್ಷದಿಂದ ಅಂದ್ರು. ಬಾಯಿಗೆ ಬಂದಿದ್ದು ಹೇಳ್ಬುಟ್ಟೆ. ಆಮ್ಯಾಕೆ ಅದೇ ಎಲ್ಲಾ ಕಾಗ್ದದಾಗೂ ಇಳೀತು ಮೇಡಮ್. ನಿಮ್ಮತ್ರಾನೂ ಅದ್ಕೇ ಹಂಗಂದೆ. ಈಗ ಬೇರೆ ಹೇಳಿದ್ರೆ ಸುಳ್ಳುಗಾರ ಅಂದ್ಕೊಂತೀರ ಅಂತ."

ಪಕ್ಕದ ಮಂಚದವನು ಹೇಳಿದ್ದು ನಿಜವೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಅವರ ಭಯ ನಿಜವಾಗಿತ್ತು.

ಚೆನ್ನೈನಲ್ಲಿ ನಮ್ಮ ಪರ ನಿಲ್ಲಲು ಒಪ್ಪಿದ್ದ ಹಿರಿಯ ವಕೀಲರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ಕೂಡಲೇ ಬೇಡ ಎಂದರು. ವೈದ್ಯರಿಗೆ ಸುಳ್ಳು ಹೇಳಿದೆ ಎಂದು ನಾವೇ ಬರೆದುಕೊಟ್ಟರೆ ಎದುರು ಪಕ್ಷ ಒಂದೇ ಪ್ರಶ್ನೆ ಕೇಳುತ್ತದೆ: ಆಗ ಸುಳ್ಳು ಹೇಳಿದವನು ಈಗ ನಿಜ ಹೇಳುತ್ತಿದ್ದಾನೆಂದು ಹೇಗೆ ನಂಬುವುದು? ಕಾನೂನಿನ ಊಹೆಯ ಮೇಲೇ ವಾದಿಸೋಣ ಎಂದರು. ಅದನ್ನು ಒಮ್ಮೆ ಮಾಡಿ ಸೋತಿದ್ದೇನೆ ಸಾರ್ ಎಂದೆ. ಅವರು, ಹಾಗಾದರೆ ಹೆಂಡತಿಯ ಮಾತೊಂದೇ ಸಾಲದು, ಮದುವೆಗೆ ಮುಂಚಿನಿಂದ ಬಲ್ಲವರು ಯಾರಾದರೂ ಬೇಕು, ಹರೆಯದಿಂದ ಎಂದು ದಾಖಲೆ ಹೇಳುತ್ತದಲ್ಲ ಎಂದರು.

ಅಂಥವರು ಕಲ್ಯಾಣದುರ್ಗದಲ್ಲಿದ್ದರು. ಹವಾಲ್ದಾರರ ತಾಯಿ. ರಜೆಯಲ್ಲೆಲ್ಲ ಹವಾಲ್ದಾರರು ಇರುತ್ತಿದ್ದದ್ದು ಆ ಮನೆಯಲ್ಲೇ. ಆಕೆಯ ಮಾತಿಗೆ ಬೆಲೆಯಿರುತ್ತದೆ ಎಂದೆ.

"ಅಮ್ಮ ಬ್ಯಾಡ," ಎಂದರು ಹವಾಲ್ದಾರರು.

"ಯಾಕಣ್ಣ?"

ಉತ್ತರ ಕೊಟ್ಟವರು ಅವರ ಹೆಂಡತಿ. "ಅತ್ತೇಗೆ ಇವ್ರು ಅಡಿಗೆಯೋರು ಅಂತ್ಲೇ ಗೊತ್ತಿಲ್ಲ ಮೇಡಮ್. ಸ್ಟೋರ್‌ನಾಗೆ ಲೆಕ್ಕ ಬರೀತಾನೆ ಅಂದ್ಕೊಂಡವ್ರೆ."

ಅವರದು ಲಿಂಗ ಕಟ್ಟುವ ಮನೆತನ. ಕಲ್ಯಾಣದುರ್ಗದಲ್ಲಿ ಎಣ್ಣೆ, ದಿನಸಿ ವ್ಯಾಪಾರ. ತಾಯಿ ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ, ಮಾಂಸ ಬೇಯಿಸುವ ಮನೆಯಲ್ಲಿ ಕೂರುವವರೂ ಅಲ್ಲ. ಹತ್ತೊಂಬತ್ತರ ಹುಡುಗ ಸೇನೆಗೆ ಸೇರಲು ಹೋದಾಗ ಖಾಲಿ ಇದ್ದದ್ದು ಅಡುಗೆಯ ಹುದ್ದೆ. ಅಲ್ಲಿ ಏನೇನು ಬೇಯಿಸಬೇಕು ಎಂದು ತಿಳಿದ ಮೇಲೆ, ಮನೆಗೆ ಬರೆದ ಮೊದಲ ಪತ್ರದಲ್ಲೇ ಸ್ಟೋರ್ ಎಂದು ಬರೆದುಬಿಟ್ಟಿದ್ದರು. ಸೇನೆಗೆ ಒಂದು ಸುಳ್ಳು, ಮನೆಗೆ ಇನ್ನೊಂದು. ಒಂದನ್ನು ಬಿಡಿಸಿದರೆ ಮತ್ತೊಂದು ತಾನಾಗಿ ಬಿಚ್ಚಿಕೊಳ್ಳುವ ಹಾಗೆ ಎರಡೂ ಹೆಣೆದುಕೊಂಡಿದ್ದವು.

"ಬೀಡಿ ವಿಷಯ ಮಾತ್ರ ಬರ್ದು ಸೈನ್ ಹಾಕಿಸ್ಕೊಳ್ಳಿ ಮೇಡಮ್. ಅಮ್ಮ ನಾನು ಹೇಳಿದ್ರೆ ಕೇಳದೆ ಹಾಕ್ತಾಳೆ," ಎಂದರು ಹವಾಲ್ದಾರರು.

ಅದು ಸಾಧ್ಯವಿತ್ತು. ಪ್ರಮಾಣಪತ್ರ ಇಂಗ್ಲಿಷಿನಲ್ಲಿರುತ್ತದೆ. ನಾಲ್ಕು ಸಾಲು ಕನ್ನಡದಲ್ಲಿ ಓದಿ ಹೇಳಿ, ಉಳಿದದ್ದು ಕೋರ್ಟಿನ ಪದ್ಧತಿ ಎಂದರೆ ಯಾರೂ ಕೇಳುವುದಿಲ್ಲ. ಆ ಸಂಜೆ ನಾನು ಕರಡು ಬರೆಯಲು ಕೂತೆ. ನಾನು ಇಂಥವರ ತಾಯಿ, ನನ್ನ ಮಗ ಸೇನೆಯಲ್ಲಿ ಎಂಬಲ್ಲಿಗೆ ಕೈ ನಿಂತಿತು. ಮುಂದಿನ ಪದ ಅಡುಗೆಯವನು. ಅದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಇದು ಅಡುಗೆಯ ಒಲೆಯ ಹೊಗೆಯ ಕೇಸು. ಯಾವುದಕ್ಕೆ ಸಾಕ್ಷಿ ನುಡಿಯುತ್ತಿದ್ದೇನೆಂದೇ ತಿಳಿಯದ ಹೆಂಗಸಿನ ಸಹಿ ತೆಗೆದುಕೊಂಡು, ನಿಜ ಹೇಳುತ್ತಿದ್ದೇವೆ ಎಂದು ನ್ಯಾಯಮಂಡಳಿಯ ಮುಂದೆ ಹೇಗೆ ನಿಲ್ಲುವುದು? ಬೆಳಿಗ್ಗೆ ಹವಾಲ್ದಾರರಿಗೆ ಫೋನ್ ಮಾಡಿದೆ. "ಅಣ್ಣ, ಅವರಿಗೆ ಎಲ್ಲಾ ಹೇಳಿ ಸಹಿ ತಗೊಳ್ಳೋದಾದ್ರೆ ಬರ್ತೀನಿ. ಇಲ್ಲಾಂದ್ರೆ ಅವರ ಸಹಿ ಬೇಡ. ಸೋತ್ರೂ ಪರವಾಗಿಲ್ಲ ಅನ್ನಲ್ಲ, ಸೋಲಬಹುದು. ನೀವೇ ಯೋಚನೆ ಮಾಡಿ."

ಹತ್ತು ದಿನ ಅವರು ಫೋನ್ ಎತ್ತಲಿಲ್ಲ. ಕೇಸು ಕೈಬಿಟ್ಟರು ಅಂದುಕೊಂಡೆ. ಆಮೇಲೊಂದು ದಿನ ಅವರೇ ಮಾಡಿದರು. "ಸೋಮವಾರ ಅಮ್ಮ ಉಪವಾಸ ಇರ್ತಾಳೆ. ಮಂಗಳವಾರ ಹೋಗಾಣ," ಎಂದರು.

ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಗಾಳಿಗೆ ಕೂತರು. ಕಲ್ಯಾಣದುರ್ಗದಲ್ಲಿ ಇಳಿದು, ನಿಲ್ದಾಣದ ಎದುರು ನಾನು ಮಂಡಕ್ಕಿಯ ಉಗ್ಗಾಣಿ ತಿಂದೆ. ಅವರು ಇನ್‌ಹೇಲರ್ ಎಳೆದುಕೊಂಡು ನೀರು ಕುಡಿದರು. ಮನೆ ಅವರ ಅಣ್ಣ ನಡೆಸುವ ಅಂಗಡಿಯ ಹಿಂದೆ. ತಾಯಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಮಗನ ಉಸಿರಿನ ಸದ್ದು ಕೇಳಿಯೇ ತಲೆ ಎತ್ತಿದರು.

"ಬಾರ್ಲಾ. ಈಯಮ್ಮ ಯಾರು?"

"ಲಾಯರಮ್ಮ. ನನ್ ಕೇಸು ನೋಡ್ತವ್ರೆ."

ನಾನು ಮಾತು ಶುರು ಮಾಡಬೇಕೆನ್ನುವಷ್ಟರಲ್ಲಿ ಅವರೇ ಹೇಳಿದರು. "ಅಮ್ಮ, ನಾನು ಸ್ಟೋರ್‌ನಾಗೆ ಇರ್ಲಿಲ್ಲ."

"ಮತ್ತೆ?"

"ಅಡಿಗೆಮನೇಲಿದ್ದೆ. ಮೊದಲ್ನೇ ದಿನದಿಂದ್ಲೂ. ನಾನು ಅಡಿಗೆಯೋನು."

"ಅಡಿಗೆ ಮಾಡೋದು ಮುಚ್ಚಿಡೋ ಅಂಥ ಕೆಲ್ಸ ಏನ್ಲಾ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಅಲ್ಲಿ ಎಲ್ಲಾನೂ ಬೇಯಿಸ್ತಾರಾ?"

"ಬೇಯಿಸ್ತಾರಮ್ಮ. ಕುರಿ, ಕೋಳಿ. ನಾನೇ ಕುಯ್ದು ಬೇಯಿಸ್ತಿದ್ದೆ."

ಅವರ ಕೈ ಕರಡಿಗೆಯ ಮೇಲೆ ಹೋಯಿತು. ಅಂಗಡಿಯ ಕಡೆಯಿಂದ ಯಾರೋ ಬೆಲ್ಲದ ಬೆಲೆ ಕೇಳುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ತಿಂದ್ಯಾ?"

"ಇಲ್ಲಮ್ಮ. ಉಪ್ಪು ಖಾರ ಬೇರೆಯೋರ ಕೈಲಿ ನೋಡಿಸ್ತಿದ್ದೆ."

"ರಜಕ್ಕೆ ಬಂದಾಗೆಲ್ಲ ಇದೇ ಕೈಲಿ ನನ್ ಪೂಜೆಗೆ ಹೂವ ತಂದ್ಕೊಡ್ತಿದ್ದೆ."

"ತೊಳ್ಕೊಂಡು ಬತ್ತಿದ್ದೆ ಅಮ್ಮ," ಎಂದರು. ಅಷ್ಟು ಹೇಳುವುದರಲ್ಲಿ ಅವರಿಗೆ ಕೆಮ್ಮು ಬಂತು. ಬಗ್ಗಿ, ಮಂಡಿ ಹಿಡಿದುಕೊಂಡು ಕೆಮ್ಮಿದರು. ತಾಯಿ ಎದ್ದು ನೀರು ತರಲಿಲ್ಲ. ನಾನು ನನ್ನ ಬಾಟಲಿ ಕೊಟ್ಟೆ.

ಕೆಮ್ಮು ನಿಂತ ಮೇಲೆ ಆಕೆ ನನ್ನ ಕಡೆ ತಿರುಗಿದರು. "ಇದು ಹೇಳಾಕೆ ಲಾಯರು ಯಾಕಮ್ಮ ಬೇಕಿತ್ತು?"

ಆಗ ಬೀಡಿಯ ವಿಷಯ ಹೇಳಿದೆ. ಒಲೆಯ ಹೊಗೆ, ಆಸ್ಪತ್ರೆ, ಅಲ್ಲಿ ಹವಾಲ್ದಾರರು ಹೇಳಿದ ಸುಳ್ಳು, ಅದು ಕಾಗದದಿಂದ ಕಾಗದಕ್ಕೆ ಇಳಿದದ್ದು, ಎಲ್ಲವನ್ನೂ. ತಾಯಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ.

"ಬೀಡಿ ಸೇದ್ತಾನೆ ಅಂತ ಸರ್ಕಾರದ ಕಾಗ್ದದಾಗೆ ಬರ್ಸಿದ್ಯಾ? ನಿಮ್ಮಪ್ಪ ಎಲೆಡಿಕೆ ಮುಟ್ಟಿದೋನಲ್ಲ. ಅಂಥೋನ ಮಗ ಬೀಡಿ ಸೇದಿ ಎದೆ ಸುಟ್ಕೊಂಡ ಅಂತ ಓದ್ತಾರಾ ಎಲ್ರೂ? ಹದಿನೇಳು ವರ್ಷ ಕಣ್ಲಾ. ಅಲ್ಲೂ ಸುಳ್ಳು, ಇಲ್ಲೂ ಸುಳ್ಳು. ನಿಂಗೆ ನಿಜ ಹೇಳಾಕೆ ಒಂದು ಜಾಗಾನೂ ಇರ್ಲಿಲ್ವಾ?"

ನಾನು ಪ್ರಮಾಣಪತ್ರವನ್ನು ಮೊದಲಿನಿಂದ ಕೊನೆಯವರೆಗೆ, ಸಾಲು ಬಿಡದೆ, ಕನ್ನಡದಲ್ಲೇ ಹೇಳಿದೆ. ಆಕೆ ಎರಡು ಕಡೆ ತಡೆದರು. ರಜೆಯಲ್ಲಿ ಯಾವಾಗಲೂ ಮನೆಯಲ್ಲೇ ಇರುತ್ತಿದ್ದ ಎಂದು ಬರೆದಿದ್ದೆ. "ಯಾವಾಗ್ಲೂ ಅಲ್ಲ, ಮದ್ವೆ ಆದ್ಮೇಲೆ ಅತ್ತೆ ಮನೇಗೂ ಹೋಯ್ತಿದ್ದ, ತಿದ್ದು," ಎಂದರು. ಇನ್ನೊಂದು ಕಡೆ ಅವರ ವಯಸ್ಸು ತಪ್ಪಾಗಿತ್ತು. ಎರಡನ್ನೂ ತಿದ್ದಿದೆ.

"ಅವ್ನು ಬೀಡಿ ಸೇದಿಲ್ಲ. ಅದು ನಿಜ. ನಿಜಕ್ಕೆ ಸೈನ್ ಹಾಕ್ತೀನಿ," ಎಂದರು. "ಇನ್ನೊಂದು ವಿಷಯ ನಂಗೂ ನನ್ ಲಿಂಗಕ್ಕೂ ಬಿಟ್ಟಿದ್ದು. ಅದು ನಿಮ್ ಕೋರ್ಟ್‌ಗೆ ಬ್ಯಾಡ."

ನೋಟರಿಯ ಹತ್ತಿರ ಬಂದು, ತೆಲುಗಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ವಾಪಸು ಮನೆಯ ಬಾಗಿಲಲ್ಲಿ ಆಟೋ ಇಳಿಯುವಾಗ ಮಗನಿಗೆ ಹೇಳಿದರು: "ನಾನಾಗಿ ಕರ್ಯೋ ತಂಕ ಬರ್ಬ್ಯಾಡ."

ದಾರಿಯುದ್ದಕ್ಕೂ ಹವಾಲ್ದಾರರು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆ ಬಂದಿರಲಿಲ್ಲ. ಪೆನುಕೊಂಡ ದಾಟಿದ ಮೇಲೆ, "ಸಹಿ ಸಿಕ್ತಲ್ಲ ಮೇಡಮ್," ಎಂದರು. ನಾನು ಹೂಂ ಎಂದೆ. ನನ್ನ ಷರತ್ತಿಗೆ ಅವರು ತೆತ್ತ ಬೆಲೆ ನನಗೂ ಕಾಣುತ್ತಿತ್ತು.

ಚೆನ್ನೈಗೆ ಹಾಕಿದ ಅರ್ಜಿಯಲ್ಲಿ ಏನನ್ನೂ ಮುಚ್ಚಲಿಲ್ಲ. ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದನ್ನು ಹವಾಲ್ದಾರರು ತಮ್ಮ ಪ್ರಮಾಣಪತ್ರದಲ್ಲಿ ತಾವೇ ಒಪ್ಪಿಕೊಂಡರು. ಸಿಪಾಯಿಯ ಹೇಳಿಕೆ, ಹೆಂಡತಿಯದು, ತಾಯಿಯದು, ಜೊತೆಗೆ ಅನಂತಪುರದ ಒಬ್ಬ ಎದೆರೋಗ ತಜ್ಞರ ಅಭಿಪ್ರಾಯ. ಮುಚ್ಚಿದ ಜಾಗದಲ್ಲಿ ಸೀಮೆಎಣ್ಣೆಯ ಹೊಗೆಯನ್ನು ದೀರ್ಘಕಾಲ ಕುಡಿದರೆ ಬೀಡಿ ಮುಟ್ಟದವರಿಗೂ ಇದೇ ಕಾಯಿಲೆ ಬರಬಹುದು ಎಂದು ಅವರು ಬರೆದುಕೊಟ್ಟಿದ್ದರು. ಹಿರಿಯ ವಕೀಲರು ಎಲ್ಲ ಓದಿ, "ನೀವು ಹಠಮಾರಿ," ಎಂದರು. ವಾದವನ್ನು ಮಾತ್ರ ಚೆನ್ನಾಗಿ ಸಿದ್ಧಪಡಿಸಿದರು.

ವಿಚಾರಣೆಯ ದಿನ ಪೀಠದಲ್ಲಿ ಇಬ್ಬರು ಸದಸ್ಯರು. ಒಬ್ಬರು ನಿವೃತ್ತ ನ್ಯಾಯಾಧೀಶರು, ಇನ್ನೊಬ್ಬರು ಸೇನೆಯ ನಿವೃತ್ತ ಹಿರಿಯ ಅಧಿಕಾರಿ. ಸರ್ಕಾರದ ವಕೀಲೆ ನಾವು ಹೆದರಿದ್ದ ಪ್ರಶ್ನೆಯನ್ನೇ ಮೊದಲು ಎತ್ತಿದರು. ಆಗ ಹೇಳಿದ್ದು ಸುಳ್ಳಾದರೆ ಈಗಿನದು ಯಾಕೆ ಸುಳ್ಳಲ್ಲ? ನಮ್ಮ ವಕೀಲರು ಉತ್ತರಿಸಲು ಎದ್ದಾಗ ಅಧಿಕಾರಿ ಸದಸ್ಯರು ಕೈ ತೋರಿಸಿ ತಡೆದು, ಅರ್ಜಿದಾರ ಬಂದಿದ್ದಾರಾ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಹವಾಲ್ದಾರರು ಎದ್ದು ಸೇನೆಯ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತರು. ಕೂತೇ ಮಾತಾಡಿ ಎಂದರೂ ಕೂರಲಿಲ್ಲ.

ಅವರಿಬ್ಬರ ಮಾತು ಹಿಂದಿಯಲ್ಲಿ ನಡೆಯಿತು. ಅಡುಗೆಮನೆಗೆ ಹೊಗೆಕೊಳವೆ ಇತ್ತೇ? ಇತ್ತು ಸಾಬ್, ಹಿಮ ಕಟ್ಟಿಕೊಳ್ಳುತ್ತಿತ್ತು. ದಿನಕ್ಕೆ ಎಷ್ಟು ಸಲ ಬಿಡಿಸುತ್ತಿದ್ದಿರಿ? ಗಾಳಿ ಇಲ್ಲದ ದಿನ ಹೊರಗೆ ಹೋಗಿ ಬಿಡಿಸುತ್ತಿದ್ದೆ ಸಾಬ್, ಗಾಳಿ ಇದ್ದರೆ ಹೊರಗೆ ಹೋಗಲು ಅಪ್ಪಣೆ ಇರಲಿಲ್ಲ. ಕೊನೆಗೆ ಸದಸ್ಯರು, "ಡಾಕ್ಟರಿಗೆ ಸುಳ್ಳು ಯಾಕೆ ಹೇಳಿದಿರಿ?" ಎಂದರು.

ಹವಾಲ್ದಾರರಿಗೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಸಭಾಂಗಣದಲ್ಲಿ ಎಲ್ಲರಿಗೂ ಆ ಸದ್ದು ಕೇಳಿಸಿತು. "ಹದಿನೈದು ವರ್ಷ ಆಗಿರಲಿಲ್ಲ ಸಾಬ್," ಎಂದರು.

ಸದಸ್ಯರು ಮುಂದೇನೂ ಕೇಳದೆ ತಮ್ಮ ಹಾಳೆಯಲ್ಲಿ ಬರೆದುಕೊಂಡರು.

ಆ ದಿನ ತೀರ್ಪು ಬರಲಿಲ್ಲ. ಮರುಪರಿಶೀಲನೆಗೆ ಹೊಸ ವೈದ್ಯಕೀಯ ಮಂಡಳಿ ಕೂರಿಸಿ ಎಂದು ಆದೇಶವಾಯಿತು. ಮತ್ತೆ ಕಾಯುವುದು, ಮತ್ತೆ ಪತ್ರ, ಮತ್ತೆ ನೆನಪೋಲೆ. ಸೇನಾ ಆಸ್ಪತ್ರೆಯೊಂದರಲ್ಲಿ ಅವರು ಉಸಿರಿನ ಪರೀಕ್ಷೆಗೆ ಕೊಳವೆ ಊದಬೇಕಾಗಿದ್ದ ದಿನ ನಾನು ಹೊರಗೆ ಬೆಂಚಿನ ಮೇಲಿದ್ದೆ. ಜೋರಾಗಿ, ಇನ್ನೂ ಜೋರಾಗಿ ಎಂದು ಒಳಗೆ ತಂತ್ರಜ್ಞೆ ಹುರಿದುಂಬಿಸುತ್ತಿದ್ದಳು. ಮೂರು ಸಲ ಊದಿ ಹೊರಗೆ ಬಂದವರ ತುಟಿ ನೀಲಿಯಾಗಿತ್ತು. ಹೆಂಡತಿ ಸೆರಗಿನಿಂದ ಅವರ ಮುಖ ಒರೆಸಿದರು. ಆ ನಡುವೆ ಕಲ್ಯಾಣದುರ್ಗದಿಂದ ಕರೆ ಬಂದಿರಲಿಲ್ಲ. ಹಬ್ಬ ಒಂದು ಬಂದು ಹೋಗಿತ್ತು. ಅಂಗಡಿಯಿಂದ ಅಣ್ಣ ಮಾತ್ರ ಎಣ್ಣೆ, ಬೇಳೆ ಬಸ್ಸಿಗೆ ಹಾಕಿ ಕಳಿಸಿದ್ದರು.

ಹೊಸ ಮಂಡಳಿ ಶೇಕಡಾವಾರನ್ನು ಬದಲಿಸಲಿಲ್ಲ. ಆದರೆ ಅಡುಗೆಮನೆಯ ಹೊಗೆ ಕಾಯಿಲೆಯನ್ನು ಉಲ್ಬಣಿಸಿರುವುದನ್ನು ತಳ್ಳಿಹಾಕಲಾಗದು ಎಂದು ಬರೆಯಿತು. ಆಮೇಲೆ ಬಂದ ನ್ಯಾಯಮಂಡಳಿಯ ತೀರ್ಪು ಪೂರ್ತಿ ನಮ್ಮ ಕಡೆಯದಲ್ಲ. ಕಾಯಿಲೆ ಸೇವೆಯಿಂದಲೇ ಹುಟ್ಟಿತು ಎನ್ನಲಿಲ್ಲ. ಸೇವೆಯಿಂದ ಉಲ್ಬಣಿಸಿತು ಎಂದಿತು. ಪಿಂಚಣಿಗೆ ಅಷ್ಟೇ ಸಾಕು. ನಲವತ್ತನ್ನು ನಿಯಮದಂತೆ ಐವತ್ತಕ್ಕೆ ಏರಿಸಿ ಕೊಡಬೇಕು, ಬಾಕಿಯನ್ನು ಮಾತ್ರ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಮಿತಿಗೊಳಿಸಬೇಕು. ಅದಕ್ಕೂ ಹಿಂದಿನದು ಹೋದ ಹಾಗೆ. ವೈದ್ಯರಿಗೆ ಸುಳ್ಳು ಹೇಳಿದ್ದನ್ನು ಪೀಠ ಸರಿಯೆನ್ನಲಿಲ್ಲ, ಅದನ್ನು ಒಂದು ಸಾಲಿನಲ್ಲಿ ಖಂಡಿಸಿಯೂ ಇತ್ತು.

ಫೋನಿನಲ್ಲಿ ಹವಾಲ್ದಾರರಿಗೆ ಹೇಳಿದಾಗ ಅವರು, "ಆಯ್ತು ಮೇಡಮ್, ಆಯ್ತು," ಎಂದು ಎರಡು ಸಲ ಅಂದು ಹೆಂಡತಿಯ ಕೈಗೆ ಕೊಟ್ಟುಬಿಟ್ಟರು.

ವಾರದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ. ಅಂಗಡಿಯ ಗದ್ದಲದ ನಡುವೆ ಮುದುಕಿಯ ಧ್ವನಿ. "ತೀರ್ಪು ಬಂತಂತೆ. ನಂಗೆ ಓದಿ ಹೇಳ್ಬೇಕಮ್ಮ ನೀನು. ಬರೋವಾಗ ಅವನ್ನೂ ಕರ್ಕಂಡು ಬಾ."

ಅದೇ ನಡುಮನೆ. ಈ ಸಲ ಚಾಪೆಯ ಪಕ್ಕದಲ್ಲಿ ಮಗನಿಗೊಂದು ಕುರ್ಚಿ ಹಾಕಿಸಿದ್ದರು. ನಾನು ತೀರ್ಪನ್ನು ಕನ್ನಡ ಮಾಡುತ್ತ ಓದಿದೆ. ಹಣದ ಭಾಗ ಬಂದಾಗ ಆಕೆ ಮುಂದೆ ಹೋಗು ಎಂಬಂತೆ ಕೈಯಾಡಿಸಿದರು.

"ಬೀಡಿ ವಿಷಯ ಏನಂತ ಬರ್ದವ್ರೆ?"

"ಸೇದ್ತಿದ್ರು ಅನ್ನೋದು ರುಜುವಾತಾಗಿಲ್ಲ ಅಂತ ಬರ್ದಿದ್ದಾರೆ. ನಿಮ್ಮ ಮಾತನ್ನೂ ಅಲ್ಲಿ ಹೇಳಿದ್ದಾರೆ."

"ಸುಳ್ಳು ಹೇಳಿದ್ದಕ್ಕೆ?"

"ತಪ್ಪು ಅಂತ ಬರ್ದಿದ್ದಾರೆ."

"ಸರ್ಯಾಗೇ ಬರ್ದವ್ರೆ," ಎಂದರು ಆಕೆ. ಆಮೇಲೆ ಮಗನನ್ನು ನೋಡಿದರು. ಅಂದು ನಾವು ಬಂದಾಗಿನಿಂದ ಆಕೆ ಅವರ ಮುಖ ನೇರವಾಗಿ ನೋಡಿದ್ದು ಅದೇ ಮೊದಲು.

"ಅಲ್ಲಿ ನೀರೇ ಇರ್ಲಿಲ್ಲ ಅಂತ ಓದಿದ್ರಲ್ಲ ಈಯಮ್ಮ. ಅಷ್ಟು ಜನಕ್ಕೆ ಅನ್ನಕ್ಕೆ ಎಸರು ಹೆಂಗಿಡ್ತಿದ್ದೆ?"

ಹವಾಲ್ದಾರರು ನನ್ನ ಕಡೆ ನೋಡಿದರು, ಮತ್ತೆ ತಾಯಿಯ ಕಡೆ. "ಹಿಮ ತುಂಬ್ಕೊಂಡು ಬರ್ಬೇಕಮ್ಮ. ಡಬ್ಬ ತುಂಬ ಒತ್ತಿ ಒತ್ತಿ ತುಂಬಿದ್ರೂ ಕರಗಿದ್ರೆ ತಳದಾಗೆ ಇಷ್ಟೇ..." ಎಂದು ಬೆರಳಿನಲ್ಲಿ ಅಳತೆ ತೋರಿಸಿದರು. ಅಲ್ಲಿಗೆ ಉಸಿರು ಮುಗಿಯಿತು. ಎದೆ ಒತ್ತಿಕೊಂಡರು.

"ನಿಧಾನಕ್ಕೆ ಹೇಳ್ಲಾ. ನಂಗೇನ್ ಕೆಲ್ಸ ಐತೆ," ಎಂದರು ತಾಯಿ.

ಅವರು ಮತ್ತೆ ಶುರು ಮಾಡಿದರು. ಅನ್ನ ಆ ಎತ್ತರದಲ್ಲಿ ಬೇಯುವುದಿಲ್ಲ ಎಂಬುದನ್ನು, ಕುಕ್ಕರಿನ ಮೇಲೆ ಕಲ್ಲು ಹೇರುತ್ತಿದ್ದದ್ದನ್ನು, ಮೊದಲ ಬಾರಿ ಪೂರಿ ಮಾಡಿದ ದಿನ ಹುಡುಗರು ಕುಣಿದದ್ದನ್ನು ಹೇಳಿದರು. ಪ್ರತಿ ಎರಡು ಮಾತಿಗೆ ನಿಲ್ಲುತ್ತಿದ್ದರು. ನಿಂತಾಗ ತಾಯಿ ಕಾಯುತ್ತಿದ್ದರು. ನಾನು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಮೆಲ್ಲಗೆ ಎದ್ದೆ. ಇಬ್ಬರೂ ನೋಡಲಿಲ್ಲ.